ಜಲಮಂತ್ರಿ

ನದಿಯಲ್ಲಿ ರಾಫ್ಟ್ ಅನ್ನುವ ಗಾಳಿದೋಣಿಯ ಟ್ರಿಪ್ ಮುಗಿಸಿ ಮನೆಗೆ ಬಂದು ಬ್ಯಾಗಿನ ಮರಳನ್ನೂ ಪೂರ್ತಿ ಕೊಡವಿಲ್ಲ, ಅಷ್ಟರಲ್ಲಿ ಒಂದು ಪೋಸ್ಟ್‌ಕಾರ್ಡ್ ಬಂತು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದ ತಂಗುದಾಣ ಫ್ಯಾಂಟಮ್ ರಾಂಚ್‌ನಲ್ಲಿ ಡಬ್ಬಕ್ಕೆ ಹಾಕಿದ ಕಾರ್ಡು. ಅಲ್ಲಿಯ ಟಪಾಲು ಹೇಸರಗತ್ತೆಯ ಬೆನ್ನ ಮೇಲೆ ಬರುತ್ತದೆ, ಹಾಗಂತ ಮುದ್ರೆಯೂ ಒತ್ತಿರುತ್ತಾರೆ. ಆ ಬಡಪಾಯಿ ಪ್ರಾಣಿ ಸುಮಾರು 1,400 ಮೀಟರ್ ಏರು ಹತ್ತಿ ಹೊತ್ತು ತಂದ ಸಂದೇಶ ಇಷ್ಟೇ: "ನೀರು ಕುಡೀತಾ ಇದ್ದೀಯ ತಾನೇ?"

ಬರೆದವನು ನಮ್ಮ ತಂಡದ ಜಲಮಂತ್ರಿ. ಕಾರ್ಡು ಬರೆದಾಗ ನಾನು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದೆ. ಬಾಯಲ್ಲೂ ಅದನ್ನೇ ಕೇಳಿದ್ದ.

ನಮ್ಮ ದಾರಿ ಲೀಸ್ ಫೆರಿಯಿಂದ ಡೈಮಂಡ್ ಕ್ರೀಕ್‌ವರೆಗೆ ಕೊಲೊರಾಡೋ ನದಿಯಲ್ಲಿ ಸುಮಾರು 360 ಕಿಲೋಮೀಟರ್. ಹುಟ್ಟು ಹಾಕಿಕೊಂಡು ಹೋದರೆ ಎರಡು ವಾರಕ್ಕೂ ಜಾಸ್ತಿ ಹಿಡಿಯುತ್ತದೆ. ಫೋಟೋಗಳಲ್ಲಿ ನೊರೆ, ಕೇಕೆ, ಎತ್ತಿದ ಕೈಗಳು ಕಾಣುತ್ತವೆ. ಎತ್ತಿದ ಆ ಕೈಗಳ ಹೆಬ್ಬೆರಳು ಮಾತ್ರ ಯಾವ ಫೋಟೋದಲ್ಲೂ ಸರಿಯಾಗಿ ಕಾಣುವುದಿಲ್ಲ. ಇಡೀ ದಿನ ನೀರು, ಮರಳು, ಒಣಗಾಳಿ. ಮೂರೂ ಸೇರಿ ಉಗುರಿನ ಪಕ್ಕದ ಚರ್ಮ ಬಿರಿಯುತ್ತದೆ. ಅಲ್ಲಿಯವರು ಆ ಬಿರುಕಿಗೆ ಸೂಪರ್‌ಗ್ಲೂ ಹಾಕಿ ಅಂಟಿಸಿಕೊಳ್ಳುತ್ತಾರೆ. ನಾನೂ ಹಾಕಿಕೊಂಡೆ. ಉರಿಯಿತು, ಅಂಟಿತು, ಟೆಂಟಿನ ಜಿಪ್ ಎಳೆಯುವಾಗ ಮತ್ತೆ ಬಾಯಿ ಬಿಟ್ಟಿತು. ರಕ್ತ ಒರೆಸಿಕೊಳ್ಳುತ್ತಾ ಕೂತಿದ್ದಾಗ ಜಲಮಂತ್ರಿ ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿದ. "ನೀರು ಕುಡಿದ್ಯಾ?"

ತಲೆನೋವು ಅಂದರೆ ಸರಿ. ಕಣಿವೆಯ ತಳ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ನೀರು ಕುಡಿಯಬೇಕು, ಒಪ್ಪೋಣ. ಇವನದು ಅಷ್ಟಕ್ಕೇ ನಿಲ್ಲುವ ಜಾತಿಯಲ್ಲ. ಕೆಂಪಿರುವೆ ಕಚ್ಚಿದವಳಿಗೂ ಅದೇ ಪ್ರಶ್ನೆ. ನದಿ ರಭಸದಿಂದ ನುಗ್ಗುವ ರ್‍ಯಾಪಿಡ್‌ನಲ್ಲಿ ರಾಫ್ಟ್‌ನಿಂದ ಹಾರಿಬಿದ್ದು, ಮುಳುಗಿ ಎದ್ದು, ಮೂಗಲ್ಲಿ ಬಾಯಲ್ಲಿ ನದಿ ಸುರಿಸುತ್ತಾ ಕೆಮ್ಮುತ್ತಿದ್ದವನಿಗೂ ಅದೇ ಪ್ರಶ್ನೆ. ಅವನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ, ತಲೆಯಾಡಿಸಿದ. ಹೌದು, ಸಾಕಷ್ಟು ಕುಡಿದಿದ್ದ.

ಇನ್ನು ಕುಡಿಯುವ ನೀರಿನ ಕಥೆ. ಅಲ್ಲಿ ಮೂತ್ರ ಮರಳಿನ ಮೇಲೆ ಮಾಡುವ ಹಾಗಿಲ್ಲ, ನದಿಗೇ ಮಾಡಬೇಕು. ನಿಯಮವೇ ಹಾಗೆ. ದಡದಲ್ಲಿ ಮಾಡಿದರೆ ಕ್ಯಾಂಪ್ ನಾರುತ್ತದೆ, ನದಿಗಾದರೆ ಕೊಚ್ಚಿ ಹೋಗುತ್ತದೆ ಅನ್ನುವುದು ಲೆಕ್ಕ. ಕುಡಿಯುವ ನೀರು ಎಲ್ಲಿಂದ? ಅದೇ ನದಿಯಿಂದ. ರಾತ್ರಿ ಬಕೆಟ್‌ಗೆ ತುಂಬಿ, ಪಟಿಕ ಹಾಕಿ ಕೆಸರು ತಳ ಸೇರಿಸಿ, ಬೆಳಿಗ್ಗೆ ಫಿಲ್ಟರ್ ಮಾಡುವುದು. ವಿಜ್ಞಾನದ ಮೇಲೆ ನನಗೆ ಪೂರ್ಣ ನಂಬಿಕೆಯಿದೆ. ಆದರೂ ಗ್ಲಾಸು ಬಾಯಿಗಿಡುವಾಗ, ನಮಗಿಂತ ಮುಂಚೆ ಹೊರಟ ತಂಡದವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು.

ಆಮೇಲೆ ಹೊಟ್ಟೆ ಕೆಟ್ಟಿತು. ನೊರೊವೈರಸ್ ಇರಬೇಕು ಅಂದರು ತಂಡದಲ್ಲಿದ್ದ ನರ್ಸ್. ಈ ಕಣಿವೆಗೆ ಅದು ಹೊಸದಲ್ಲ. 2022ರಲ್ಲಿ ಇಲ್ಲಿ ರಾಫ್ಟಿನವರು, ಚಾರಣದವರು ಸೇರಿ 200ಕ್ಕೂ ಜಾಸ್ತಿ ಜನ ಇಂಥದೇ ವಾಂತಿಭೇದಿಯಲ್ಲಿ ಮಲಗಿದ್ದರು. ಕೈಗೆ ಹಚ್ಚುವ ಜೆಲ್‌ಗೆ ಈ ವೈರಸ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ಹಾಕಿ ಉಜ್ಜಿಯೇ ತೊಳೆಯಬೇಕು. ಬಿರಿದ ಹೆಬ್ಬೆರಳಿಗೆ ಸೋಪು ತಾಗಿದಾಗ ಏನಾಗುತ್ತದೆ ಅಂತ ಬರೆಯುವುದಿಲ್ಲ.

ಅಲ್ಲಿ ಪಾಯಿಖಾನೆ ಅಂದರೆ ಒಂದು ಲೋಹದ ಪೆಟ್ಟಿಗೆ, ಮೇಲೊಂದು ಸೀಟು. ಹೋದದ್ದೆಲ್ಲ ಪೆಟ್ಟಿಗೆಯಲ್ಲೇ ಉಳಿದು, ಕೊನೇ ದಿನದವರೆಗೆ ನಮ್ಮ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ. ಗೋಡೆಯಿಲ್ಲ, ಬಾಗಿಲಿಲ್ಲ. ಕೈ ತೊಳೆಯುವ ಬಕೆಟ್ ಹತ್ತಿರ ಒಂದು ಹುಟ್ಟು ಒರಗಿಸಿರುತ್ತಾರೆ. ಹೋಗುವವರು ಅದನ್ನು ಹಿಡಿದುಕೊಂಡು ಹೋಗಬೇಕು. ಹುಟ್ಟು ಕಾಣದಿದ್ದರೆ ಒಳಗೆ, ಅಂದರೆ ಹೊರಗೆ, ಯಾರೋ ಇದ್ದಾರೆ ಅಂತ ಅರ್ಥ. ಇದರ ಮೇಲೆ ಇನ್ನೊಂದು ನಿಯಮ: ಮೂತ್ರ ಆ ಪೆಟ್ಟಿಗೆಗೆ ಹೋಗಬಾರದು, ಮೊದಲು ನದಿಗೆ ಹೋಗಿ ಮುಗಿಸಿಕೊಂಡು ಬರಬೇಕು. ಹೊಟ್ಟೆ ಕೆಟ್ಟವನು ನಡುರಾತ್ರಿ ಈ ಎರಡು ಇಲಾಖೆಗಳ ನಡುವೆ ಕಡತ ಹಿಡಿದು ಓಡುವ ಗುಮಾಸ್ತನ ಹಾಗೆ, ಕಂಕುಳಲ್ಲಿ ಹುಟ್ಟು ಇಟ್ಟುಕೊಂಡು ಓಡಬೇಕು. ಓಡಿದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ, ಪೆಟ್ಟಿಗೆಯ ಮೇಲೆ ಕೂತು, ದೋಣಿಯೇ ಇಲ್ಲದ ಅಂಬಿಗನಾಗಿ ಹುಟ್ಟಿಗೆ ಹಣೆ ಆನಿಸಿಕೊಂಡಿದ್ದೆ. ಪೊದೆಯ ಆ ಕಡೆಯಿಂದ ಒಂದು ಟಾರ್ಚ್ ನಿಧಾನಕ್ಕೆ ಬಂತು. ಮರ್ಯಾದೆಯಿಂದ ದೂರದಲ್ಲೇ ನಿಂತಿತು. ಕೆಮ್ಮಿತು.

"ನೀರು ಕುಡಿದ್ಯಾ?"

ಹುಟ್ಟು ಎತ್ತಿದ್ದೇನೋ ನಿಜ. ಎಸೆಯಲು ತ್ರಾಣ ಇರಲಿಲ್ಲ.

ಬೆಳಿಗ್ಗೆ ನರ್ಸ್ ಅವನನ್ನು ಕೂರಿಸಿಕೊಂಡು ಪಾಠ ಮಾಡಿದರು. ಉಪ್ಪಿಲ್ಲದೆ ಬರೀ ನೀರು ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ತಲೆನೋವು, ವಾಂತಿ, ಗೊಂದಲ ಎಲ್ಲ ಅದರಿಂದಲೂ ಬರಬಹುದು, ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕೊಡಿ ಅಂದರು. ಶ್ರದ್ಧೆಯಿಂದ ಕೇಳಿಸಿಕೊಂಡ. ನಾವು ಬದುಕಿದೆವು ಅಂದುಕೊಂಡೆವು. ಅವತ್ತಿನಿಂದ ಪ್ರಶ್ನೆ ಎರಡಾಯಿತು. "ನೀರು ಕುಡಿದ್ಯಾ? ಉಪ್ಪು ತಿಂದ್ಯಾ?"

ಕಷ್ಟ ಅಂದರೆ ಏನು ಅಂತ ನಮಗೆ ತಿಳಿಸಲು ರಾತ್ರಿ ಒಬ್ಬರು ಪವೆಲ್ ಕಥೆ ಹೇಳುತ್ತಿದ್ದರು. 1869ರಲ್ಲಿ ಒಂದೇ ಕೈಯಿದ್ದ ಜಾನ್ ವೆಸ್ಲಿ ಪವೆಲ್ ಇದೇ ಕಣಿವೆಯನ್ನು ದೋಣಿಯಲ್ಲಿ ದಾಟಲು ನಾಲ್ಕು ದೋಣಿ, ಒಂಬತ್ತು ಜನರ ಜೊತೆ ಹೊರಟ. ಒಂದು ದೋಣಿ ಒಡೆಯಿತು. ಮಾಂಸ ಕೆಟ್ಟಿತು, ಹಿಟ್ಟು ಮುಗ್ಗಲಾಯಿತು. ಕೊನೆಗೆ ಆ ಹಿಟ್ಟು, ಒಣಗಿದ ಸೇಬು, ಕಾಫಿ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಆಗಸ್ಟ್ 28ರಂದು ಮೂವರು ಸಾಕಪ್ಪಾ ಅಂತ ತಂಡ ಬಿಟ್ಟು ಬಂಡೆ ಹತ್ತಿ ಹೋದರು. ಇನ್ನೆರಡು ದಿನ ತಡೆದಿದ್ದರೆ ಎಲ್ಲಾ ಮುಗಿಯುತ್ತಿತ್ತು. ಆ ಮೂವರು ಮನೆ ಸೇರಲೇ ಇಲ್ಲ, ಅವರ ಬಗ್ಗೆ ತಮಾಷೆ ಮಾಡಬಾರದು. ಆದರೆ ಯಾಕೆ ಹೋದರು ಅನ್ನುವುದಕ್ಕೆ ನನಗೊಂದು ಅನುಮಾನ ಇದೆ. ಆ ತಂಡದಲ್ಲೂ ಒಬ್ಬ ಇದ್ದಿರಬೇಕು.

ಒಂದು ರಾತ್ರಿ ಮಾತ್ರ ಜ್ವರ ಬಂದು ಟೆಂಟಿನ ಹೊರಗೇ ಮಲಗಿದ್ದೆ. ಎರಡೂ ಕಡೆ ಕಪ್ಪು ಗೋಡೆ, ನಡುವೆ ಒಂದು ಗೇಣು ಆಕಾಶ, ತುಂಬಾ ನಕ್ಷತ್ರ. ಫೋನಿಗೆ ಸಿಗ್ನಲ್ ಇಲ್ಲ. ಇದ್ದಿದ್ದರೂ ಯಾರಿಗೆ ಏನಂತ ಹೇಳುವುದು? ಎಚ್ಚರವಾದಾಗಲೆಲ್ಲ ತಲೆಯ ಹತ್ತಿರ ಒಂದು ಬಾಟಲಿ ತುಂಬಿರುತ್ತಿತ್ತು. ವಾಂತಿ ಬಕೆಟ್ ತೊಳೆದಿಟ್ಟಿರುತ್ತಿತ್ತು. ಆ ರಾತ್ರಿ ಅವನು ಏನೂ ಕೇಳಲಿಲ್ಲ. ಬೆಳಗಾದ ಮೇಲೆ ಬಡ್ಡಿ ಸಮೇತ ಕೇಳಿದ, ಅದು ಬೇರೆ ಮಾತು.

ಡೈಮಂಡ್ ಕ್ರೀಕ್ ತಲುಪಿ ಸಾಮಾನೆಲ್ಲ ದಡಕ್ಕೆ ಹಾಕಿದೆವು. ಊಟದ ಸಾಮಾನಿನ ಪೆಟ್ಟಿಗೆ, ಆ ಪೆಟ್ಟಿಗೆ, ಎಲ್ಲವೂ ಒಂದೇ ಹಸಿರು ಬಣ್ಣದವು. ಹೆಸರು ಬರೆದ ಟೇಪು ಎಂದೋ ನೀರುಪಾಲಾಗಿತ್ತು. ಹೊತ್ತವರಿಗೆ ಮಾತ್ರ ಯಾವುದು ಯಾವುದು ಅಂತ ಗೊತ್ತು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಲಾರಿ ಡ್ರೈವರ್ ಹಸಿದಿದ್ದ ಅಂತ ಕಾಣುತ್ತದೆ. ನೆರಳಲ್ಲಿದ್ದ ಒಂದು ಪೆಟ್ಟಿಗೆ ಎಳೆದುಕೊಂಡು ಅದರ ಮೇಲೆ ಆರಾಮಾಗಿ ಕೂತು ಸ್ಯಾಂಡ್‌ವಿಚ್ ಬಿಚ್ಚಿದ. ಹೇಳೋಣವಾ, ಬೇಡವಾ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಿನ್ನುವವನನ್ನು ಎಬ್ಬಿಸಬಾರದು ಅಂತ ಎಲ್ಲರಿಗೂ ಒಟ್ಟಿಗೇ ಅನಿಸಿತು.