47 ಆದ್ರೇನು ಟೀಚರ್, ಲಾ ಓದಿ

ಮೊನ್ನೆ ಹರಿಹರದ ಕಡೆ ಹೈಸ್ಕೂಲ್ ಟೀಚರ್ ಒಬ್ರು ಫೋನ್ ಮಾಡಿ, ಮೇಡಂ ನಂಗೆ 47 ಆಯ್ತು, ಈಗ ಲಾ ಓದಿದ್ರೆ ಸನ್ನದು, ಅಂದ್ರೆ ವಕೀಲಿಕೆ ಮಾಡೋ ಲೈಸೆನ್ಸು, ಕೊಡ್ತಾರಾ ಅಂತ ಕೇಳಿದ್ರು. ಕೊಡ್ತಾರೆ. 45 ದಾಟಿದವರಿಗೆ ಸನ್ನದು ಇಲ್ಲ ಅಂತಿದ್ದ ನಿಯಮನ ಸುಪ್ರೀಂ ಕೋರ್ಟ್ 1995ರಲ್ಲೇ ತೆಗೆದುಹಾಕಿದೆ. ವಕೀಲರಾಗಿ ಹೆಸರು ನೋಂದಾಯಿಸೋ ಎನ್‌ರೋಲ್‌ಮೆಂಟ್ ಫೀಸೂ ಸುಪ್ರೀಂ ಕೋರ್ಟಿನ 2024ರ ತೀರ್ಪಾದ್ಮೇಲೆ ಸ್ಟಾಂಪ್ ಡ್ಯೂಟಿ ಬಿಟ್ರೆ ಜನರಲ್‌ನವರಿಗೆ 750, ಎಸ್‌ಸಿ ಎಸ್‌ಟಿಯವರಿಗೆ 125 ರೂಪಾಯಿ, ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ.

ಕಷ್ಟ ಇರೋದು ಮನೆ ನಡೆಸೋದ್ರಲ್ಲಿ. ಸಂಬಳದ ಫುಲ್‌ಟೈಮ್ ನೌಕರಿ ಇಟ್ಕೊಂಡು ವಕೀಲಿಕೆ ಮಾಡೋ ಹಾಗಿಲ್ಲ. ನಾನು ದಾವಣಗೆರೆಲಿ 14 ವರ್ಷ ಸಮಾಜ ವಿಜ್ಞಾನ ಹೇಳ್ಕೊಟ್ಟು, ಕೆಲಸ ಬಿಟ್ಟು, ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿ, ಬಾರ್ ಎಕ್ಸಾಮ್ ಪಾಸಾಗಿ ಸೀನಿಯರ್ ಹತ್ರ ಸೇರಿದ್ಮೇಲೂ ಎರಡು ವರ್ಷ ಮನೆ ನಡೆದಿದ್ದು ನಮ್ಮೆಜಮಾನ್ರ ದುಡಿಮೆಲಿ. ಲೆಕ್ಕ ಹಾಕ್ಕೊಂಡೇ ಬನ್ನಿ.

ಆದ್ರೆ ಪಾಟೀಸವಾಲಿಗೆ, ಅಂದ್ರೆ ಎದುರು ಕಡೆ ಸಾಕ್ಷಿನ ಪ್ರಶ್ನೆ ಕೇಳೋಕೆ, ನಿಂತಾಗ ಮಾತ್ರ ಆ 14 ವರ್ಷ ಒಂದು ದಿನಾನೂ ದಂಡ ಆಗಿಲ್ಲ ಅನ್ಸುತ್ತೆ. ಚನ್ನಗಿರಿ ಕಡೆ ಅಡಿಕೆ ತೋಟದ ಪಾಲಿನ ಕೇಸು, ನಮ್ಮ ಕಕ್ಷಿದಾರಳು ಅಕ್ಕ. ಅಪ್ಪ ಇದ್ದಾಗ್ಲೇ ಬಾಯಿಮಾತಲ್ಲಿ ಪಾಲಾಗಿದೆ, ಅವಳು ದುಡ್ಡು ತಗೊಂಡಿದಾಳೆ ಅಂತ ತಮ್ಮನ ಕಡೆ ಸಾಕ್ಷಿ. ಅವರು ಅಫಿಡವಿಟ್‌ನ ಗೈಡ್ ಉರು ಹೊಡೆದ ಹುಡುಗನ ಹಾಗೆ ಒಪ್ಪಿಸ್ತಾ ಇದ್ರು. ಉರು ಹೊಡೆದವರಿಗೆ ನಡುವಿಂದ ಕೇಳಿದ್ರೆ ಮೊದಲನೇ ಸಾಲಿಗೆ ವಾಪಸ್ ಹೋಗ್ತಾರೆ, ಟೀಚರ್‌ಗಳಿಗೆಲ್ಲ ಗೊತ್ತಿರೋದೇ. ಅಕ್ಕ ದುಡ್ಡು ಎಣಿಸ್ಕೊಂಡಿದ್ದು ಪಡಸಾಲೆಲಾ, ಅಂಗಳದಲ್ಲಾ ಅಂದೆ. ಮತ್ತೆ "ಸದರಿ ದಿನ ಪಂಚರ ಸಮಕ್ಷಮ" ಅಂತ ಶುರು ಮಾಡಿದ್ರು. ಯಾರು ಎಣಿಸಿದ್ರು ಅಂದೆ. ಮತ್ತೆ "ಸದರಿ ದಿನ". ಜಡ್ಜ್ ತಲೆ ಎತ್ತಿ ಅವರನ್ನೇ ನೋಡಿದ್ರು. "ಹಣ ಕೊಟ್ಟಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ ಎಂದರೆ ಸರಿ" ಅಂತ ಕೊನೆಗೆ ಟೈಪ್ ಆಯ್ತು.

ಅಲ್ಲಿಗೆ ಕೂತ್ಕೊಂಡ್ಬಿಟ್ಟೆ. ಕ್ಲಾಸಲ್ಲಿ "ಯಾಕೆ" ಅಂತ ಕೇಳ್ಬೇಕು, ಸಾಕ್ಷಿನ ಮಾತ್ರ ಕೇಳಬಾರದು, ಕೇಳಿದ್ರೆ ತಪ್ಪಿಸ್ಕೊಳ್ಳೋಕೆ ನಾವೇ ಬಾಗಿಲು ತೆಗೆದಂಗೆ. ಮೊದಲನೇ ಕೇಸಲ್ಲಿ ಆ ಒಂದು "ಯಾಕೆ" ಕೇಳಿ ಬಡವನೊಬ್ಬನ ಕೇಸು ಕೆಡಿಸಿದೀನಿ, ಅದು ಇವತ್ತಿಗೂ ಹೊಟ್ಟೆಲಿ ಉರಿತದೆ.

ಟೀಚರ್, ರಜಾ ಇದ್ದ ದಿನ ಹನ್ನೊಂದಕ್ಕೆ ಕೋರ್ಟಿಗೆ ಬನ್ನಿ. ಸಾಮಾನ್ಯವಾಗಿ ಬಾಗಿಲು ಎಲ್ಲರಿಗೂ ತೆಗೆದಿರುತ್ತೆ. ಹಿಂದಿನ ಬೆಂಚಲ್ಲಿ ಕೂತು ಒಂದು ಪಾಟೀಸವಾಲು ಪೂರ್ತಿ ನೋಡಿ, ಆಮೇಲೆ ಫೋನ್ ಮಾಡಿ.