ಬೆಲೆಚೀಟಿಯ ಝೇಂಕಾರ

ಸಂಗೀತ ವಾದ್ಯಗಳ ದೊಡ್ಡ ಅಂಗಡಿಯೊಂದರಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ನುಡಿಯುವ ಎಲೆಕ್ಟ್ರಿಕ್ ಗಿಟಾರು ಯಾವುದೆಂದು ತಿಳಿಯುವ ಆಸೆಯಿದ್ದರೆ ಒಂದನ್ನೂ ನುಡಿಸಿ ನೋಡಬೇಕಾಗಿಲ್ಲ. ಬೆಲೆಚೀಟಿಗಳನ್ನು ಓದುತ್ತಾ ಹೋಗಿ, ಅತಿ ದೊಡ್ಡ ಅಂಕಿ ಕಂಡಲ್ಲಿ ನಿಂತರೆ ಸಾಕು. ಹನ್ನೆರಡು ಸಾವಿರದ ಗಿಟಾರನ್ನು ಶಾಲೆ ಬಿಟ್ಟ ಮಕ್ಕಳು ಬಂದು ಬಡಿಯುತ್ತಾರೆ, ಅದರ ತಂತಿ ತುಂಡಾಗುತ್ತದೆ, ಹೊಸ ತಂತಿ ಬೀಳುತ್ತದೆ, ತಂತಿ ಹಾಕುವ ಹುಡುಗ ಹೇಗೂ ಕೈಯಲ್ಲಿ ಸ್ಕ್ರೂಡ್ರೈವರ್ ಇದೆಯಲ್ಲ ಎಂದು ಅಲ್ಲೊಂದು ಇಲ್ಲೊಂದು ತಿರುಪು ತಿರುಗಿಸಿ ಅದನ್ನು ಒಂದು ಹದದಲ್ಲಿ ಇಟ್ಟಿರುತ್ತಾನೆ. ಮೂರು ಲಕ್ಷದ್ದು ಮಾತ್ರ ಗೋಡೆಯ ಮೇಲಿನ ಸಾಲಿನಲ್ಲಿ, ‘ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕದ ರಕ್ಷಣೆಯಲ್ಲಿ, ಯಾರ ಕೈಗೂ ಎಟುಕದೆ ತೂಗುತ್ತಿರುತ್ತದೆ. ಯಾರೂ ಮುಟ್ಟದ್ದರಿಂದ ಅದು ಕೆಟ್ಟಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟದ್ದು ಗೊತ್ತಾಗದ್ದರಿಂದ ಯಾರೂ ಸರಿಮಾಡುವುದಿಲ್ಲ. ತಂತಿಗೆ ತುಕ್ಕು ಏರುತ್ತದೆ, ಬೆಲೆಯೂ ಏರುತ್ತದೆ.

ಕಾಸರಗೋಡಿನವನಾದ ನನಗೆ ಈ ಜ್ಞಾನವು ಬಸ್ಸು ರೈಲುಗಳ ಖರ್ಚಿನಿಂದ ಬಂದದ್ದು. ನಮ್ಮ ಪೇಟೆಯಲ್ಲಿ ಮಕ್ಕಳು ಕಲಿಯುವ ಗಿಟಾರಿಗೆ ಕೊರತೆಯಿಲ್ಲ. ಅದಕ್ಕಿಂತ ಮೇಲಿನದ್ದನ್ನು ನೋಡಬೇಕಿದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕು, ಇಲ್ಲವೇ ತೆಂಕಕ್ಕೆ ಕೊಚ್ಚಿಗೆ, ಅದೂ ಆಗದಿದ್ದರೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ. ಕೊಚ್ಚಿಯಲ್ಲಿ ನನ್ನ ಕಾಸರಗೋಡಿನ ಮಲಯಾಳವನ್ನು ಕೇಳಿದವರು ಮುಗುಳ್ನಕ್ಕು ಇಂಗ್ಲಿಷಿಗೆ ಹೊರಳುತ್ತಾರೆ. ಬೆಂಗಳೂರಿನಲ್ಲಿ ನನ್ನ ಕನ್ನಡವನ್ನು ಕೇಳಿದವರು ಹಿಂದಿಗೆ ಹೊರಳುತ್ತಾರೆ. ಮಂಗಳೂರಿನಲ್ಲಿ ತುಳು ಧಾರಾಳವಾಗಿ ನಡೆಯುತ್ತದೆ. ಆದರೆ ತುಳುವಿನಲ್ಲಿ ಮಾತು ತೆಗೆದರೆ ಊರು ಯಾವುದು, ಮನೆ ಎಲ್ಲಿ, ಇಂಥವರು ನಿಮಗೆ ಏನಾಗಬೇಕು ಎಂದು ಮುಂದುವರಿದು, ಗಿಟಾರು ಗೋಡೆಯಿಂದ ಇಳಿಯುವ ಮೊದಲೇ ನಾವಿಬ್ಬರೂ ಅಡಿಕೆಯ ದರಕ್ಕೆ ತಲುಪಿರುತ್ತೇವೆ.

ಅಡಿಕೆಯ ಮಾತು ಬಂದದ್ದೂ ಒಳ್ಳೆಯದೇ ಆಯಿತು. ಗೋಣಿಯ ತಳಕ್ಕೆ ಕೈ ಹಾಕಿ ಒಂದು ಹಿಡಿ ಹೊರತೆಗೆದು, ನಾಲ್ಕಾರು ಅಡಿಕೆಗಳನ್ನು ತುಂಡರಿಸಿ ಒಳಗಿನ ಬಣ್ಣ ನೋಡದೆ ನಮ್ಮಲ್ಲಿ ಯಾವ ವ್ಯಾಪಾರಿಯೂ ದರ ಹೇಳುವುದಿಲ್ಲ. ಅದರಿಂದ ತನ್ನ ಮಾನ ಹೋಯಿತೆಂದು ಯಾವ ಕೃಷಿಕನೂ ಭಾವಿಸುವುದಿಲ್ಲ. ಗಿಟಾರಿನ ಅಂಗಡಿಯಲ್ಲಿ ನಾನು ಅಂಗಿಯ ಜೇಬಿನಿಂದ ಒಂದು ಸಣ್ಣ ಸ್ಟೀಲಿನ ಸ್ಕೇಲನ್ನು ತೆಗೆದೊಡನೆ ಮಾತ್ರ ಸೇಲ್ಸಿನ ಹುಡುಗ ಮ್ಯಾನೇಜರನ್ನು ಕರೆಯಲು ಒಳಗೆ ಹೋಗುತ್ತಾನೆ, ಮ್ಯಾನೇಜರು ಹೊರಗೆ ಬಂದು ನಾನು ಯಾವ ಕಂಪನಿಯ ಕಡೆಯವನೆಂದು ವಿಚಾರಿಸುತ್ತಾರೆ.

ಆ ಸ್ಕೇಲಿನ ಕೆಲಸ ಬಹಳ ಸರಳ. ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್ಟುಗಳಲ್ಲಿ ಹನ್ನೆರಡನೆಯದರಿಂದ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು, ಅಂದರೆ ಗಿಟಾರಿನವರು ಆಕ್ಷನ್ ಎಂದು ಕರೆಯುವುದನ್ನು, ಅದು ಅಳೆಯುತ್ತದೆ. ದಪ್ಪ ತಂತಿಯ ಕೆಳಗೆ 1.6ರಿಂದ 2 ಮಿಲಿಮೀಟರ್, ಸಪೂರ ತಂತಿಯ ಕೆಳಗೆ ಅದಕ್ಕಿಂತ ತುಸು ಕಡಿಮೆ ಇದ್ದರೆ ಬೆರಳಿಗೆ ಹಿತ. ಬಳಿಕ ನೆಕ್ಕಿನ, ಅಂದರೆ ಆ ಉದ್ದನೆಯ ಕತ್ತಿನ, ಪರೀಕ್ಷೆ. ನೆಕ್ ಪೂರ್ತಿ ನೆಟ್ಟಗಿರಬೇಕೆಂದು ಹೆಚ್ಚಿನವರು ತಿಳಿದಿದ್ದಾರೆ. ನಿಜಕ್ಕೂ ಅದು ತಂತಿಯ ಎಳೆತಕ್ಕೆ ಚೂರೇ ಚೂರು ಮುಂದಕ್ಕೆ ಬಾಗಿರಬೇಕು, ಏಕೆಂದರೆ ಮೀಟಿದ ತಂತಿಯು ನಡುಭಾಗದಲ್ಲಿ ಅಗಲವಾಗಿ ಆಡುತ್ತದೆ, ಅದಕ್ಕೆ ಜಾಗ ಬೇಕು. ಮೊದಲನೆಯ ಫ್ರೆಟ್ಟನ್ನೂ, ನೆಕ್ ಮೈಗೆ ಸೇರುವಲ್ಲಿನ ಫ್ರೆಟ್ಟನ್ನೂ ಏಕಕಾಲಕ್ಕೆ ಒತ್ತಿ ಹಿಡಿದರೆ ತಂತಿಯೇ ಅಳತೆಪಟ್ಟಿಯಾಗುತ್ತದೆ. ಏಳೆಂಟನೆಯ ಫ್ರೆಟ್ಟಿನ ಬಳಿ ಕಾಲು ಮಿಲಿಮೀಟರಿನಷ್ಟು ಸಂದು ಕಾಣಬೇಕು. ಆ ಸಂದಿನಲ್ಲಿ ನಾನು ಅಂಗಡಿಯವರದೇ ವಿಸಿಟಿಂಗ್ ಕಾರ್ಡನ್ನು ತೂರಿಸಿ ನೋಡುತ್ತೇನೆ, ಏಕೆಂದರೆ ಅದಕ್ಕೆ ಅವರು ಆಕ್ಷೇಪ ಎತ್ತುವಂತಿಲ್ಲ. ಎರಡು ಕೈಗಳು ತಂತಿಯ ಮೇಲೆ ಇರುವುದರಿಂದ ಕಾರ್ಡಿಗೆ ಮೂರನೆಯ ಕೈ ಬೇಕಾಗುತ್ತದೆ. ಅದಕ್ಕೆ ಸೇಲ್ಸಿನ ಹುಡುಗನೇ ಆಗಬೇಕು. ಹೀಗೆ ತನ್ನ ಅಂಗಡಿಯ ಗಿಟಾರಿನ ದೋಷವನ್ನು ತನ್ನ ಕೈಯಿಂದಲೇ, ತನ್ನ ಹೆಸರಿರುವ ಕಾರ್ಡಿನಿಂದಲೇ ಪತ್ತೆಮಾಡುವ ಸಂಕಟಕ್ಕೆ ಆ ಹುಡುಗರು ಸಿಲುಕುವುದನ್ನು ಕಂಡಾಗ ನನಗೂ ಕನಿಕರವಾಗುವುದುಂಟು.

ಈ ಬಾಗನ್ನು ಹೆಚ್ಚುಕಡಿಮೆ ಮಾಡಲು ನೆಕ್ಕಿನ ಒಳಗೆ ಉಕ್ಕಿನ ಸರಳೊಂದನ್ನು ಇಟ್ಟಿರುತ್ತಾರೆ. ಟ್ರಸ್ ರಾಡ್ ಎಂಬ ಈ ಉಪಾಯಕ್ಕೆ ಗಿಬ್ಸನ್ ಕಂಪನಿಯಲ್ಲಿದ್ದ ಥಡಿಯಸ್ ಮೆಕ್‌ಹ್ಯೂ ಅವರಿಗೆ 1923ರಲ್ಲಿ ಪೇಟೆಂಟ್ ಸಿಕ್ಕಿತು. ನೂರು ವರ್ಷ ಕಳೆದರೂ ಅದನ್ನು ತಿರುಗಿಸುವ ಕೀ ಯಾವ ಡ್ರಾಯರಿನಲ್ಲಿದೆ ಎಂಬುದು ನಾನು ಹೋದ ಅಂಗಡಿಗಳಲ್ಲಿ ರಜೆಯ ಮೇಲಿರುವ ಒಬ್ಬ ವ್ಯಕ್ತಿಗೆ ಮಾತ್ರ ಗೊತ್ತಿರುತ್ತದೆ.

ಎಲ್ಲವನ್ನೂ ಅಂಗಡಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹವೆಯ ಪಾಲೂ ಇದೆ. ಗಿಟಾರು ಇರುವ ಕೋಣೆಯ ತೇವಾಂಶವು ಶೇ. 45ರಿಂದ 55ರ ನಡುವೆ ಇರಬೇಕೆಂದು ತಯಾರಕರು ಹೇಳುತ್ತಾರೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುವ ನಮ್ಮ ಕರಾವಳಿಯಲ್ಲಿ ಈ ಸೂಚನೆಯನ್ನು ಗಂಭೀರವಾಗಿ ಓದುವುದು ಕಷ್ಟ. ಅಂಗಡಿಗಳಲ್ಲಿ ಎ.ಸಿ. ಇದೆ ನಿಜ, ಆದರೆ ರಾತ್ರಿ ಶಟರ್ ಎಳೆಯುವಾಗ ಅದನ್ನೂ ಆರಿಸುತ್ತಾರೆ. ಹಗಲೆಲ್ಲ ಒಣಗಿದ ಮರ ರಾತ್ರಿಯೆಲ್ಲ ತೇವ ಕುಡಿಯುತ್ತದೆ. ಒಣಗಿದಾಗ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಆದ್ದರಿಂದ ಫ್ರೆಟ್ಟಿನ ತುದಿಗಳು ನೆಕ್ಕಿನ ಅಂಚಿನಿಂದ ಹೊರಗೆ ಇಣುಕಿ, ಕೈ ಜಾರಿಸಿದವರನ್ನು ತರಚುತ್ತವೆ. ಬಹಳ ಬೆಲೆಬಾಳುವ ಒಂದು ಗಿಟಾರು ನನ್ನ ತೋರುಬೆರಳಿನಿಂದ ರಕ್ತ ತೆಗೆದಾಗ ಹುಡುಗ ಬಟ್ಟೆ ಹಿಡಿದು ಓಡೋಡಿ ಬಂದ. ಒರೆಸಿದ್ದು ಗಿಟಾರನ್ನು.

ಇನ್ನೊಂದು ಅಂಗಡಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾನು ಯಾವ ಗಿಟಾರನ್ನೇ ಆಗಲಿ ಮೊದಲು ವೈರು ಸಿಕ್ಕಿಸದೆ ನುಡಿಸುತ್ತೇನೆ, ಏಕೆಂದರೆ ಸದ್ದು ಹಿಗ್ಗಿಸುವ ಆಂಪಿನ ಅಬ್ಬರದಲ್ಲಿ ಮರದ ತಪ್ಪುಗಳು ಮುಚ್ಚಿಹೋಗುತ್ತವೆ. ಅಂದು ಐದನೆಯ ತಂತಿಯನ್ನು ಮೀಟಿದಾಗಲೆಲ್ಲ ‘ಝುಯ್’ ಎಂಬ ಸಣ್ಣ ಸದ್ದು ಬರುತ್ತಿತ್ತು. “ಅದು ವಿಂಟೇಜ್ ಟೋನ್ ಸಾರ್” ಎಂದ ಹುಡುಗ. ಮ್ಯಾನೇಜರು ಬಂದು, ಆಂಪಿಗೆ ಹಾಕಿದರೆ ಕೇಳಿಸುವುದಿಲ್ಲ ಎಂದರು. ಅದರಲ್ಲಿ ಸತ್ಯಾಂಶವಿದೆ, ಆಂಪಿನಲ್ಲಿ ಕೇಳದ ತುಸು ಝೇಂಕಾರವನ್ನು ಬಲ್ಲವರೂ ಕ್ಷಮಿಸುತ್ತಾರೆ. ಆದರೆ ಅಷ್ಟು ದುಡ್ಡು ಕೊಟ್ಟ ಮೇಲೆ ಕ್ಷಮಿಸುವ ಕೆಲಸವನ್ನೂ ನಾನೇ ಮಾಡಬೇಕೆಂಬುದು ಸರಿಕಾಣಲಿಲ್ಲ. ಕೊನೆಗೆ, ಅಪರೂಪಕ್ಕೆ ರಜೆಯಲ್ಲಿರದ ಮೆಕ್ಯಾನಿಕ್ ಕೀಗಳ ಗೊಂಚಲು ಹಿಡಿದು ಬಂದು, ಒಂದು ಕಣ್ಣು ಮುಚ್ಚಿ ನೆಕ್ಕಿನ ಉದ್ದಕ್ಕೂ ನೋಡಿ, ಸರಳನ್ನು ಕಾಲು ಸುತ್ತು ತಿರುಗಿಸಿದ. ಝುಯ್ ಹೋಗಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದ. ಝುಯ್ ಹಾಗೆಯೇ ಇತ್ತು. ತಂತಿಗಳ ಬುಡವನ್ನು ಹೊರುವ ಬ್ರಿಜ್ಜಿನ ತಿರುಪುಗಳಾದವು, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ತಿರುಪುಗಳಾದವು. ಆಗ, ಮಗಳಿಗೆ ಯುಕುಲೆಲೆ ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಬಹಳ ಸಂಕೋಚದಿಂದ, “ಆ ಚೀಟಿ ಅಲ್ಲಾಡುವ ಶಬ್ದ ಅಲ್ವಾ ಅದು?” ಎಂದು ಕೇಳಿದರು. ಟ್ಯೂನಿಂಗ್ ಕೀಲಿಗೆ ದಾರದಿಂದ ಕಟ್ಟಿದ್ದ ಪ್ಲಾಸ್ಟಿಕ್ಕಿನ ಬೆಲೆಚೀಟಿಯು ತಂತಿ ಕಂಪಿಸಿದಾಗಲೆಲ್ಲ ಮರಕ್ಕೆ ತಾಗಿ ನಡುಗುತ್ತಿತ್ತು. ಬಂದಾಗ ಆ ಗಿಟಾರಿನಲ್ಲಿ ದೋಷವಿದ್ದದ್ದು ಬೆಲೆಯಲ್ಲಿ ಮಾತ್ರ. ಆದರೆ ಅಷ್ಟರಲ್ಲಿ ಸರಳು ಎಷ್ಟೋ ತಿರುಗಿಯಾಗಿತ್ತು. ಚೀಟಿಯನ್ನು ಬಿಚ್ಚಿದ ಮೇಲೆ ನಿಜವಾದ ಝೇಂಕಾರ ಶುರುವಾಯಿತು.

ತೇಲುವ ಬ್ರಿಜ್ಜಿನ ಗಿಟಾರುಗಳನ್ನು ಟ್ಯೂನ್ ಮಾಡಿಕೊಡಿ ಎಂದು ಮಾತ್ರ ಅಂಗಡಿಯಲ್ಲಿ ಯಾರೂ ಕೇಳಬಾರದು. ಅವುಗಳಲ್ಲಿ ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಹಿಂಬದಿಯ ಸ್ಪ್ರಿಂಗುಗಳ ಎಳೆತ, ಎರಡರ ನಡುವೆ ಬ್ರಿಜ್ಜು ತೂಗಿಕೊಂಡಿರುತ್ತದೆ. ಒಂದು ತಂತಿಯನ್ನು ಬಿಗಿಗೊಳಿಸಿದರೆ ಉಳಿದ ಐದೂ ಇಳಿಯುತ್ತವೆ. ಪಾಪದ ಹುಡುಗನೊಬ್ಬ ಆರನೆಯದರಿಂದ ಒಂದನೆಯದಕ್ಕೆ ಬರುವಷ್ಟರಲ್ಲಿ ಆರನೆಯದು ಇಳಿದಿರುತ್ತಿತ್ತು, ಅಲ್ಲಿಗೆ ಮರಳಿದರೆ ಒಂದನೆಯದು. ನಾನು ಕೆಳಗೆ ಹೋಗಿ ಚಹಾ ಕುಡಿದು ಬಂದಾಗಲೂ ಆತ ಮೂರನೆಯದರಲ್ಲಿದ್ದ.

ನಾನು ಅಂಗಡಿಯಲ್ಲಿ ಹಾಡು ನುಡಿಸುವುದಿಲ್ಲ. ಒಂದೊಂದೇ ತಂತಿಯನ್ನು ಒಂದೊಂದೇ ಫ್ರೆಟ್ಟಿನಲ್ಲಿ ಒತ್ತಿ, ಮೀಟಿ, ಸದ್ದು ಆರುವವರೆಗೆ ಕೇಳುತ್ತೇನೆ. ಪಕ್ಕದಲ್ಲಿ ಕಾಲೇಜಿನ ಹುಡುಗರು ಆಂಪಿನ ಗುಬುಟನ್ನು ಪೂರ್ತಿ ತಿರುಗಿಸಿ ಮಿಂಚಿನ ವೇಗದಲ್ಲಿ ನುಡಿಸುತ್ತಿರುವಾಗ ನನ್ನ ಈ ಟಿಣ್ ಟಿಣ್ ಕೇಳಿದವರು, ಇವನಿಗೆ ನುಡಿಸಲು ಬರುವುದಿಲ್ಲವೆಂದು ತೀರ್ಮಾನಿಸಿ, ಆರು ತಿಂಗಳ ಉಚಿತ ತರಗತಿಯೊಂದಿಗೆ ಬರುವ ಗಿಟಾರನ್ನು ತಂದು ತೋರಿಸುತ್ತಾರೆ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಎಂಬ ಹೆಸರಾಂತ ಎಲೆಕ್ಟ್ರಿಕ್ ಗಿಟಾರನ್ನು ಹೊರತಂದ ಲಿಯೋ ಫೆಂಡರ್ ಅವರಿಗೇ ಗಿಟಾರು ನುಡಿಸಲು ಬರುತ್ತಿರಲಿಲ್ಲ ಎಂಬುದನ್ನು ನಾನು ಆಗ ನೆನೆಯುತ್ತೇನೆ. ಅವರು ಇಂದು ಇಂಥ ಅಂಗಡಿಗೆ ಬಂದರೆ ಅವರಿಗೂ ಆ ಆರು ತಿಂಗಳ ತರಗತಿ ತಪ್ಪಿದ್ದಲ್ಲ.

ಇಷ್ಟೆಲ್ಲ ಅಳತೆ ತಿಳಿದಿದ್ದರೂ ಕಿವಿಯ ವಿಷಯದಲ್ಲಿ ನನಗಿಂತ ಬಲ್ಲವರು ಬೇಕೆಂದು ಕಳೆದ ಸಲ ನೀರ್ಚಾಲಿನ ಮಾವನನ್ನು ಜೊತೆಗೆ ಕರೆದುಕೊಂಡು ಹೋದೆ. ಮಾವ ತೆಂಕುತಿಟ್ಟು ಯಕ್ಷಗಾನದ ಮದ್ದಳೆಗಾರರು. ಶ್ರುತಿ ತಪ್ಪಿದರೆ ಮದುವೆಮನೆಯ ಊಟವನ್ನೂ ಅರ್ಧಕ್ಕೆ ಬಿಟ್ಟು ಏಳುವವರು. ಮಂಗಳೂರಿನ ಮಾಲಿನ ಬಾಗಿಲಲ್ಲೇ ತಡೆಯಾಯಿತು. ಅವರ ಜೋಳಿಗೆಯಲ್ಲಿ ಮದ್ದಳೆಯನ್ನು ಶ್ರುತಿ ಮಾಡುವ ಸಣ್ಣ ಸುತ್ತಿಗೆಯೂ, ನನ್ನ ಜೇಬಿನಲ್ಲಿ ಸ್ಟೀಲಿನ ಸ್ಕೇಲೂ ಸಿಕ್ಕಿದ್ದರಿಂದ ಕಾವಲುಗಾರನಿಗೆ ನಮ್ಮ ಉದ್ದೇಶವನ್ನು ವಿವರಿಸಬೇಕಾಯಿತು. ಇವೆರಡೂ ಗಿಟಾರು ನೋಡುವುದಕ್ಕೆ ಎಂದು ನಾನು ಹೇಳಿದ್ದು ಅವನ ಸಂಶಯವನ್ನು ಹೆಚ್ಚಿಸಿತಷ್ಟೆ.

ಒಳಗೆ ಗಿಟಾರು ಕೈಗೆ ಬಂದೊಡನೆ ಮಾವ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಹಿಂಬದಿಗೆ ಬೆರಳಿನ ಗೆಣ್ಣಿನಿಂದ ತೈ ಎಂದು ಒಂದು ಪೆಟ್ಟು ಕೊಟ್ಟರು. ಹುಡುಗ ಎರಡು ಹೆಜ್ಜೆ ಮುಂದೆ ಬಂದ. ಮಾವ ಹೆಬ್ಬೆರಳಿಗೆ ಉಗುಳು ಮುಟ್ಟಿಸಿ ಫ್ರೆಟ್ಟುಗಳ ನಡುವಿನ ಕಪ್ಪು ಮರವನ್ನು ಉಜ್ಜಿದರು. ಹುಡುಗ ಇನ್ನೂ ಎರಡು ಹೆಜ್ಜೆ ಬಂದ.

“ಇದು ಬೀಟೆ ಅಲ್ವಾ?” ಎಂದರು ಮಾವ.

“ಅಲ್ಲ ಅಜ್ಜ, ರೋಸ್‌ವುಡ್. ಇಂಪೋರ್ಟೆಡ್.”

“ಎಂತ ಇಂಪೋರ್ಟೆಡ್ ಮಾರಾಯ! ನಮ್ಮ ಹಳೇ ಮನೆಯ ಮಂಚ ಇದ್ರದ್ದೇ.”

ಮಾವನ ಮಾತು ಸರಿಯಾಗಿತ್ತು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯನ್ನೇ ಹೊರದೇಶದವರು ಇಂಡಿಯನ್ ರೋಸ್‌ವುಡ್ ಎಂಬ ಹೆಸರಿನಲ್ಲಿ ಗಿಟಾರಿಗೆ ಬಳಸುತ್ತಾರೆ. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಅಂಕೆ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದಾಗ ಗಿಟಾರು ತಯಾರಕರು ಕಂಗಾಲಾಗಿದ್ದರು; 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇದನ್ನು ಕೇಳಿದ ಮಾವ, ಹಾಗಾದರೆ ಮಂಚದ ಬೆಲೆ ಈಗ ಎಷ್ಟಾಗಿರಬಹುದೆಂದು ಹುಡುಗನನ್ನೇ ಕೇಳಿದರು.

ಅನಂತರ ಶ್ರುತಿಯ ಪರೀಕ್ಷೆ. ಅಂದಿನ ಗಿಟಾರು ಆಶ್ಚರ್ಯಕರವಾಗಿ ಹದದಲ್ಲಿತ್ತು. ಆಕ್ಷನ್ ಸರಿ, ನೆಕ್ ಸರಿ, ಹನ್ನೆರಡನೆಯ ಫ್ರೆಟ್ಟಿನಲ್ಲಿ ಬೆರಳನ್ನು ಒತ್ತದೆ ತಾಗಿಸಿಯಷ್ಟೇ ಮೀಟಿದ ಹಾರ್ಮೋನಿಕ್ಕಿಗೂ ಒತ್ತಿ ಮೀಟಿದ ಸ್ವರಕ್ಕೂ ಶ್ರುತಿ ತೋರಿಸುವ ಟ್ಯೂನರಿನ ಮುಳ್ಳು ಒಂದೇ ಕಡೆ ನಿಲ್ಲುತ್ತಿತ್ತು. ಹುಡುಗ ಹೆಮ್ಮೆಯಿಂದ ಮೂರನೆಯ ಮತ್ತು ಎರಡನೆಯ ತಂತಿಗಳನ್ನು ಒತ್ತದೆಯೇ ಒಟ್ಟಿಗೆ ಮೀಟಿದ. ಮಾವನ ಹುಬ್ಬು ಗಂಟಿಕ್ಕಿತು.

“ಏ ಮಾಣಿ, ಇದರ ಗಾಂಧಾರ ಮೇಲೆ ಉಂಟು.”

ಟ್ಯೂನರಿನಲ್ಲಿ ಹಸಿರು ದೀಪ ಉರಿಯುತ್ತಿತ್ತು. ಹುಡುಗ ಅದನ್ನು ತೋರಿಸಿದ. ಮಾವ ದೀಪವನ್ನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡರು. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು. ಗಿಟಾರಿನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ ಅದರ ಅಂತರ ಗಾಂಧಾರವು ಸಹಜ ಶ್ರುತಿಯ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ ನಿಲ್ಲುತ್ತದೆ. ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹದಿನಾಲ್ಕು. ಎರಡನೆಯ ತಂತಿಯನ್ನು ಇಳಿಸಿ ಅದನ್ನು ಸರಿಮಾಡಿದರೆ ಮೊದಲನೆಯ ತಂತಿಯ ಜೊತೆಗಿನ ಮೇಳ ಕೆಡುತ್ತದೆ. ನಾನು ಇದನ್ನು ಆದಷ್ಟು ತಾಳ್ಮೆಯಿಂದ ವಿವರಿಸಿದೆ. ಹಾರ್ಮೋನಿಯಮ್ಮಿಗೂ ಇದೇ ರೋಗ, 1940ರಿಂದ 1971ರವರೆಗೆ ಆಕಾಶವಾಣಿಯವರು ಅದನ್ನು ಹೊರಗೆ ಇಟ್ಟದ್ದು ಸುಮ್ಮನೆ ಅಲ್ಲ ಎಂದು ಮಾವ ಉತ್ತರಿಸಿ, ಕೊಳ್ಳುವ ದುಡ್ಡು ನಮ್ಮದಾದ ಮೇಲೆ ಸರಿಮಾಡುವ ಜವಾಬ್ದಾರಿ ಅಂಗಡಿಯವರದ್ದು ಎಂದು ಕೂತಲ್ಲಿಂದ ಏಳಲಿಲ್ಲ.

ಮ್ಯಾನೇಜರು ಬಂದರು. ವಾರಂಟಿಯ ಕಾಗದವನ್ನು ತಿರುವಿ ಹಾಕಿದರು. ಹಿರಿಯರನ್ನು ನೋಯಿಸುವುದು ಬೇಡವೆಂದು ಕೊನೆಗೆ ಸರ್ವೀಸಿನ ಚೀಟಿ ತರಿಸಿ, ‘ದೂರು’ ಎಂಬ ಕಲಮಿನಲ್ಲಿ ‘ಗಾಂಧಾರ ಇಳಿಸಬೇಕು’ ಎಂದು ಬರೆದು, ಸಹಿ ಹಾಕಿ, ಕಂಪನಿಯ ಎಂಜಿನಿಯರಿಗೆ ಕಳುಹಿಸುತ್ತೇವೆ, ಒಂದು ವಾರದೊಳಗೆ ಫೋನ್ ಮಾಡುತ್ತೇವೆ ಎಂದರು. ಮಾವ ಚೀಟಿಯ ನಕಲನ್ನು ಕೇಳಿ ಪಡೆದು ಜೋಳಿಗೆಗೆ ಹಾಕಿಕೊಂಡರು, ಸಂಪರ್ಕಕ್ಕೆ ನನ್ನ ನಂಬರನ್ನು ಕೊಟ್ಟರು.