ಬುಡಕ್ಕೆ ಕತ್ತರಿಸು, ಚಿಗುರುತ್ತೆ

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಾವು ಮನೆ ತಗೊಂಡಾಗ ಜೊತೆಗೆ ಹೀದರ್ ಅನ್ನುವ ಕುರುಚಲು ಹೂಗಿಡದ ಒಂದು ಪೊದೆಯೂ ಬಂತು. ಹಳೇ ಮಾಲೀಕರು ಯಾವ ಕಾಲದಲ್ಲೋ ಬಾಗಿಲ ಪಕ್ಕ ನೆಟ್ಟಿದ್ದರು. ಆಮೇಲೆ ಅದಕ್ಕೆ ಕತ್ತರಿ ತೋರಿಸಿದ ಹಾಗಿರಲಿಲ್ಲ. ಎತ್ತರ ಜಾಸ್ತಿಯಿಲ್ಲ, ಮೊಣಕಾಲಿನಷ್ಟು. ಅಗಲಕ್ಕೆ ಮಾತ್ರ ಲೆಕ್ಕವಿಲ್ಲ. ಕಾಲುದಾರಿಯ ಅರ್ಧವನ್ನು ಒತ್ತುವರಿ ಮಾಡಿತ್ತು. ನಾವೂ ನಾಲ್ಕು ವರ್ಷ ಸುಮ್ಮನಿದ್ದು ಅದನ್ನು ಸಕ್ರಮ ಮಾಡಿಬಿಟ್ಟಿದ್ದೆವು. ಸುತ್ತ ಹಸಿರು, ನಡುವೆ ಬೋಳು ಕಡ್ಡಿ. ಥೇಟ್ ನಿಮ್ಮ ತಲೆ, ಅಂತ ಹೆಂಡತಿ ಹೇಳುತ್ತಿದ್ದಳು.

ಏಪ್ರಿಲ್‌ನಲ್ಲಿ ಮೈಸೂರಿನಿಂದ ಅಮ್ಮ ಬಂದಳು. ಆರು ತಿಂಗಳ ವೀಸಾ. ಮೂರನೇ ದಿನಕ್ಕೇ ಟಿ.ವಿ. ಸಾಕಾಗಿ ಹೊರಗೆ ಬಂದು ಪೊದೆಯ ಮುಂದೆ ನಿಂತಳು.

"ಏನೋ ಇದರ ಅವತಾರ? ಬುಡಕ್ಕೆ ಕತ್ತರಿಸು, ಚಿಗುರುತ್ತೆ."

ಅಮ್ಮನ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಿತ್ತಲ ಮಲ್ಲಿಗೆಯನ್ನು ಕಾರ್ತಿಕ ಕಳೆದ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಯನ್ನೂ ಕಿತ್ತುಹಾಕುತ್ತಾಳೆ. ನೋಡಿದವರಿಗೆ ಗಿಡ ಸತ್ತೇ ಹೋಯಿತು ಅನ್ನಿಸಬೇಕು. ಯುಗಾದಿ ಹೊತ್ತಿಗೆ ಮೈತುಂಬ ಮೊಗ್ಗು. ನುಗ್ಗೆಯಂತೂ ಕೊಂಬೆ ಮುರಿದು ನೆಲಕ್ಕೆ ಚುಚ್ಚಿದರೂ ಬದುಕುತ್ತದೆ. ನಮ್ಮೂರಿನ ಗಿಡಗಳಿಗೆ ಸಾಯುವುದೇ ಸರಿಯಾಗಿ ಗೊತ್ತಿಲ್ಲ.

ಶನಿವಾರ ಹೊಸ ಕತ್ತರಿ ತಂದೆ. ಹೀದರ್‌ನ ಹೂವು ಒಣಗಿದರೂ ಬೇಗ ಉದುರುವುದಿಲ್ಲ. ಹೋದ ವರ್ಷದ ಹೂವೆಲ್ಲ ಹಾಗೇ ಕಾದಿತ್ತು. ನಾನು ಒಂದು ಏಟು ಹಾಕಿದ್ದೇ ತಡ, ತವುಡಿನ ಹಾಗೆ ಹಾರಿ ಕಾಲರ್ ಒಳಗೆ, ಕಿವಿಯೊಳಗೆ, ಟೀ ಲೋಟದೊಳಗೆ. ಎಡಗಡೆ ಸ್ವಲ್ಪ ಜಾಸ್ತಿ ಹೋಯಿತು. ಸರಿದೂಗಿಸಲು ಬಲಗಡೆ ಕತ್ತರಿಸಿದೆ. ಅದು ಇನ್ನೂ ಜಾಸ್ತಿ ಹೋಯಿತು. "ಇನ್ನೊಂಚೂರು," ಅಂತ ಅಮ್ಮ ಮೆಟ್ಟಿಲ ಮೇಲೆ ಕೂತು ಹೇಳುತ್ತಲೇ ಇದ್ದಳು. ಕೊನೆಗೆ ಉಳಿದದ್ದು ಬೆರಳುದ್ದದ ಕಂದು ಕೂಳೆ. ಮಂಡ್ಯದ ಕಬ್ಬಿನ ಕೂಳೆ ನೆನಪಾಗಿ ನನಗೂ ಧೈರ್ಯವಿತ್ತು.

ಪಕ್ಕದ ಮನೆ ಅಜ್ಜಿ ನಾಯಿ ಹಿಡಿದುಕೊಂಡು ಬಂದರು. ಸ್ವಲ್ಪ ಹೊತ್ತು ನೋಡಿದರು. "ಓ ಡಿಯರ್," ಎಂದರು. ಸ್ಕಾಟ್ಲೆಂಡಿನ ಹಿರಿಯರು ಇಷ್ಟು ಹೇಳಿದರೆ ಕೇಸು ಕೈಮೀರಿದೆ ಅಂತಲೇ ಅರ್ಥ. ಹೀದರ್‌ನ ಹಳೇ ಕಂದು ಕಡ್ಡಿ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲವಂತೆ. ವರ್ಷಕ್ಕೊಮ್ಮೆ ಒಣ ಹೂವಿನ ಕೆಳಗೆ, ಹಸಿರು ಇರುವಲ್ಲೇ ಸವರಬೇಕಂತೆ.

ಅಮ್ಮನಿಗೆ ಹೇಳಿದೆ. "ಅವರು ಅಕ್ಕಿ ತೊಳೆದ ನೀರು ಹಾಕಿರಲ್ಲ ಬಿಡು," ಎಂದಳು.

ಅಂದಿನಿಂದ ಕೂಳೆಗೆ ಉಪಚಾರ ಶುರುವಾಯಿತು. ಬೆಳಿಗ್ಗೆ ಅಕ್ಕಿ ನೀರು, ಮಧ್ಯಾಹ್ನ ಟೀ ಚರಟ, ಸಂಜೆ ತರಕಾರಿ ಸಿಪ್ಪೆ. ಸತ್ವವಿಲ್ಲದ ಹುಳಿಮಣ್ಣೇ ಇಷ್ಟ ಅನ್ನುವ ಗಿಡಕ್ಕೆ ಮೂರು ಹೊತ್ತು ಊಟ. ಮೇ ಕೊನೆಗೆ ಅಮ್ಮ ಒಳಗೆ ಓಡಿಬಂದಳು. "ಬಾರೋ, ಚಿಗುರಿದೆ!" ಹೋಗಿ ನೋಡಿದರೆ ಡ್ಯಾಂಡೆಲಿಯನ್ ಕಳೆ. ಚೆನ್ನಾಗಿ ಕೊಬ್ಬಿತ್ತು. ಉಗುರಿನಿಂದ ಹೀದರ್ ಕಡ್ಡಿಯ ತೊಗಟೆ ಕೆರೆದೆ. ಒಳಗೂ ಕಂದು.

ಆಗಸ್ಟ್ ಬಂತು. ಊರಾಚೆ ಪೆಂಟ್‌ಲ್ಯಾಂಡ್ ಬೆಟ್ಟಗಳು ಹೀದರ್ ಹೂಬಿಟ್ಟು ನೇರಳೆಯಾದವು. ಯಾರೂ ಅಕ್ಕಿ ನೀರು ಹಾಕಿರಲಿಲ್ಲ. "ಇಷ್ಟೊಂದಿದೆಯಲ್ಲ, ಒಂದು ಹೋದ್ರೆ ಏನಂತೆ," ಎಂದು ಅಮ್ಮ ಫೋಟೋ ತೆಗೆಸಿಕೊಂಡಳು.

ಹೇಳಲು ಮರೆತೆ. ಕತ್ತರಿಸಿದ ರಾಶಿಯನ್ನು ಅಮ್ಮ ಕಸದ ಬಿನ್ನಿಗೆ ಹಾಕಲು ಬಿಟ್ಟಿರಲಿಲ್ಲ. "ಇಷ್ಟು ಒಳ್ಳೇ ಕಡ್ಡಿ ಯಾರಾದ್ರೂ ಎಸೀತಾರಾ?" ಇಲ್ಲಿನ ಬಿಸಿಲನ್ನು ನಂಬದೆ ಗ್ಯಾರೇಜಿನಲ್ಲಿ ಒಣಗಿಸಿ, ನನ್ನ ಶೂ ಲೇಸಿನಿಂದ ಬಿಗಿದು ಎರಡು ಪೊರಕೆ ಕಟ್ಟಿದ್ದಳು. ಒಂದು ದಿನ ಬಾಗಿಲು ಗುಡಿಸುವಾಗ ಅಜ್ಜಿಯ ಕಣ್ಣಿಗೆ ಬಿತ್ತು. ಅವರ ಮುಖ ಅರಳಿದ್ದೇ ಅರಳಿದ್ದು. ಹಿಂದೆ ಇಲ್ಲಿಯೂ ಹೀದರ್‌ನಿಂದಲೇ ಪೊರಕೆ ಕಟ್ಟುತ್ತಿದ್ದರಂತೆ. ಆಮೇಲೆ ಹುಡುಕಿ ನೋಡಿದೆ. ಗಿಡದ ಶಾಸ್ತ್ರೀಯ ಹೆಸರು ಕ್ಯಾಲುನಾ. ಗ್ರೀಕ್‌ನಲ್ಲಿ ಗುಡಿಸುವುದು ಅನ್ನುವ ಮಾತಿನಿಂದಲೇ ಬಂದದ್ದು. ಇದನ್ನು ಅಮ್ಮನಿಗೆ ಹೇಳಿ ತಪ್ಪು ಮಾಡಿದೆ. ತಾನು ಮೊದಲಿಂದಲೂ ಇದಕ್ಕೇ ಕತ್ತರಿಸಲು ಹೇಳಿದ್ದು ಅನ್ನತೊಡಗಿದಳು.

ಎರಡನೇ ಪೊರಕೆಯನ್ನು ಅಜ್ಜಿಗೆ ಕೊಟ್ಟೆವು. ಅವರು ನಮ್ಮನ್ನು ಟೀಗೆ ಕರೆದರು. ನೋಡಿದರೆ ಪೊರಕೆಯನ್ನು ಹಾಲಿನ ಗೋಡೆಗೆ ಚಿತ್ರಪಟದ ಹಾಗೆ ನೇತುಹಾಕಿದ್ದಾರೆ! "ಅಯ್ಯೋ, ಲಕ್ಷ್ಮಿ ಒಳಗೆ ಬರೋದು ಹೇಗೋ?" ಎಂದು ಅಮ್ಮ ಪಿಸುಗುಟ್ಟಿದಳು. ಆಮೇಲೆ ಅವಳ ಕಣ್ಣು ಕಿಟಕಿಯಾಚೆ ಹೋಯಿತು. ಅಜ್ಜಿಯ ಲ್ಯಾವೆಂಡರ್ ಸಾಲು. ಅದೂ ಹಳೇ ಕಡ್ಡಿಯಿಂದ ಚಿಗುರಲು ಒಲ್ಲೆ ಅನ್ನುವ ಜಾತಿಯೇ.

"ಅದೂ ಬಹಳ ಬೆಳೆದಿದೆಯಲ್ವಾ? ಬುಡಕ್ಕೆ..."

"ಏನಂದರು?" ಎಂದು ಅಜ್ಜಿ ಆಸೆಯಿಂದ ಕೇಳಿದರು.

ಟೀ ತುಂಬ ಚೆನ್ನಾಗಿದೆಯಂತೆ, ಅಂದೆ.